ಗಾಂಧೀಜಿ ಸಂಡೂರಿಗೆ ಬಂದದ್ದು ಮಾರ್ಚ್‌ನಲ್ಲಿ

ಸಂಡೂರಿನ ಬಗ್ಗೆ ಯಾರೇ ಬರೆಯಲಿ, ಒಂದು ಮಾತು ತಪ್ಪದೆ ಬರುತ್ತದೆ. "ಸೆಪ್ಟೆಂಬರ್‌ನಲ್ಲಿ ಸಂಡೂರು ನೋಡಿ" ಅಂತ ಗಾಂಧೀಜಿ ಹೇಳಿದರಂತೆ. ಪ್ರವಾಸದ ಲೇಖನಗಳಲ್ಲಿ, ಬೈಕ್ ಹತ್ತಿ ಬಂದು ಹೋದ ಬೆಂಗಳೂರಿನ ಹುಡುಗರ ಫೋಟೋಗಳ ಕೆಳಗೆ, ಎಲ್ಲ ಕಡೆ ಇದೇ ಮಾತು. ಮಳೆ ಬಿದ್ದ ಮೇಲೆ ನಮ್ಮ ಬೆಟ್ಟಗಳು ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಮೋಡ ಕೆಳಗಿಳಿದು ಕುಮಾರಸ್ವಾಮಿ ಬೆಟ್ಟದ ಮೇಲೆ ಮಲಗಿರುತ್ತದೆ. ಕೆಂಪು ಮಣ್ಣೂ ಹಸಿರೂ ಒಂದೇ ಕಡೆ ಸಿಗುತ್ತವೆ.

ಆದರೆ ಗಾಂಧೀಜಿ ಸಂಡೂರಿಗೆ ಬಂದದ್ದು ಸೆಪ್ಟೆಂಬರ್‌ನಲ್ಲಿ ಅಲ್ಲ, 1934ರ ಮಾರ್ಚ್ ಮೊದಲ ವಾರದಲ್ಲಿ. ಬಳ್ಳಾರಿ ಸೀಮೆಯ ಮಾರ್ಚ್ ಬಿಸಿಲು ಹೇಗಿರುತ್ತದೆ ಅಂತ ಇಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ :) ಅವರು ಬಂದದ್ದು ಬೆಟ್ಟ ನೋಡಲಿಕ್ಕೂ ಅಲ್ಲ, ದುಡ್ಡು ಕೇಳಲಿಕ್ಕೆ.

ಅದೂ ಎಂಥ ಹೊತ್ತಿನಲ್ಲಿ? ಜನರ ಕೈಯಲ್ಲಿ ದುಡ್ಡೇ ಇಲ್ಲದ ಹೊತ್ತಿನಲ್ಲಿ. ಆ ಕಥೆ ಸ್ವಲ್ಪ ವಿವರವಾಗಿ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ನಾನು ಹುಟ್ಟಿ ಬೆಳೆದದ್ದು ದೋಣಿಮಲೈ ಟೌನ್‌ಶಿಪ್‌ನಲ್ಲಿ. ಓದಿದ್ದು ಇಂಜಿನಿಯರಿಂಗ್, ಹೊಟ್ಟೆಪಾಡಿಗೆ ಕೋಡ್ ಬರೆಯುತ್ತೇನೆ. ಇತಿಹಾಸ ನನ್ನ ವಿಷಯವಲ್ಲ. ಆದರೂ ಈ ಕಥೆಯಲ್ಲಿ ಲೆಕ್ಕ ಇದೆ, ಲೆಕ್ಕ ಅಂದರೆ ನನಗೆ ಇಷ್ಟ.

ಮೊದಲು ಆ ಕಾಲ ಹೇಗಿತ್ತು ನೋಡೋಣ.

1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರುಪೇಟೆ ಮುಗ್ಗರಿಸಿತು ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಅಲ್ಲಿಯ ಪೆಟ್ಟು ಬಳ್ಳಾರಿಯ ಹೊಲಕ್ಕೆ ಹೇಗೆ ಬಂತು ಅಂತ ಓದಲಿಲ್ಲ. ಬಂದ ದಾರಿ ಬಹಳ ಸರಳ. ಬಳ್ಳಾರಿಯ ಕಪ್ಪು ಮಣ್ಣಿನಲ್ಲಿ ಬೆಳೆಯುವುದು ಹತ್ತಿ, ಜೊತೆಗೆ ಶೇಂಗಾ. ಎರಡೂ ಮಾರಲಿಕ್ಕೆಂದೇ ಬೆಳೆಯುವ ಬೆಳೆ, ಎರಡಕ್ಕೂ ಬೆಲೆ ಕಟ್ಟುವುದು ದೂರದ ಪೇಟೆ. 1929ರಿಂದ 1933ರ ಹೊತ್ತಿಗೆ ದೇಶದಲ್ಲಿ ಬೆಳೆಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಮಳೆ ಚೆನ್ನಾಗಿ ಬಂದು ಬೆಳೆ ಚೆನ್ನಾಗಿ ಬಂದರೂ ಕೈಗೆ ಬರುವ ಕಾಸು ಅರ್ಧ.

ಕಂದಾಯ ಮಾತ್ರ ಅರ್ಧವಾಗಲಿಲ್ಲ. ಬಳ್ಳಾರಿ ಆಗ ಮದರಾಸು ಪ್ರಾಂತ್ಯದಲ್ಲಿತ್ತು. 1800ರಲ್ಲಿ ನಿಜಾಮ ಇಂಗ್ಲಿಷರಿಗೆ ಬಿಟ್ಟುಕೊಟ್ಟ ದತ್ತ ಮಂಡಲಗಳಲ್ಲಿ ಇದೂ ಒಂದು. ಥಾಮಸ್ ಮನ್ರೋ ಇಲ್ಲೇ ಓಡಾಡಿ ಹೊಲ ಅಳೆಸಿ ರೈತವಾರಿ ಪದ್ಧತಿಯನ್ನು ಗಟ್ಟಿ ಮಾಡಿದ. ಆ ಪದ್ಧತಿಯಲ್ಲಿ ಕಂದಾಯವನ್ನು ನಗದಿನಲ್ಲಿ ಕಟ್ಟಬೇಕು, ಇಷ್ಟು ರೂಪಾಯಿ ಅಂತ ನಿಗದಿ. ಹತ್ತಿಯ ಬೆಲೆ ಅರ್ಧಕ್ಕಿಳಿದರೆ ಅಷ್ಟೇ ಕಂದಾಯ ಕಟ್ಟಲು ರೈತ ಎರಡರಷ್ಟು ಹತ್ತಿ ಮಾರಬೇಕು. ಸಾಹುಕಾರನ ಸಾಲದ ಕಥೆಯೂ ಹಾಗೇ. ಸಾಲ ಬರೆದದ್ದು ರೂಪಾಯಿಯಲ್ಲಿ, ತೀರಿಸುವುದು ಬೆಳೆಯಿಂದ. ಕಾಗದದ ಮೇಲೆ ಬಡ್ಡಿ ಬದಲಾಗದಿದ್ದರೂ ಹೊಲದಲ್ಲಿ ಅದು ದುಪ್ಪಟ್ಟಾಯಿತು.

ಸಂಡೂರು ಆಗ ಬೇರೆಯೇ ಸಂಸ್ಥಾನ. ಘೋರ್ಪಡೆ ಮನೆತನದ ಪುಟ್ಟ ರಾಜ್ಯ, ಜನಸಂಖ್ಯೆ ಹದಿನೈದು ಸಾವಿರದೊಳಗೆ. ಇಲ್ಲಿ ಹೊಲಕ್ಕಿಂತ ಬೆಟ್ಟ ಹೆಚ್ಚು, ಬೆಟ್ಟದಲ್ಲಿ ಮ್ಯಾಂಗನೀಸ್ ಅದಿರು. ಇಪ್ಪತ್ತನೇ ಶತಮಾನದ ಮೊದಲ ದಶಕದಿಂದಲೇ ಅದನ್ನು ತೆಗೆದು ಹೊರದೇಶಕ್ಕೆ ಕಳಿಸುತ್ತಿದ್ದರು. ಮ್ಯಾಂಗನೀಸ್ ಬೇಕಾಗುವುದು ಉಕ್ಕಿಗೆ. ಉಕ್ಕಿನ ಕುಲುಮೆಗಳು ಆರಿದರೆ ಅದಿರನ್ನು ಕೇಳುವವರಿಲ್ಲ. 1920ರ ದಶಕದ ಕೊನೆಯಲ್ಲಿ ಭಾರತ ಎಷ್ಟು ಮ್ಯಾಂಗನೀಸ್ ತೆಗೆಯುತ್ತಿತ್ತೋ 1932ರಲ್ಲಿ ಅದರ ಕಾಲು ಭಾಗವೂ ತೆಗೆಯಲಿಲ್ಲ. ಸಂಡೂರಿನ ಬೆಟ್ಟಕ್ಕೂ ದೂರದ ದೇಶದ ಕುಲುಮೆಗೂ ನಂಟು ಇರುವುದು ಇವತ್ತಿನ ಮಾತಲ್ಲ ನೋಡಿ. ನಮ್ಮ ದೋಣಿಮಲೈ ಮಾತ್ರ ಆಗಿನ್ನೂ ಬರೀ ಕಾಡು. ಎನ್‌ಎಂಡಿಸಿಯ ಕಬ್ಬಿಣದ ಅದಿರಿನ ಗಣಿ ಇಲ್ಲಿ ಶುರುವಾದದ್ದು 1977ರಲ್ಲಿ.

ಇನ್ನೊಂದು ವಿಷಯ ಚಿನ್ನದ್ದು. ಇದು ಗೊತ್ತಾದಾಗ ನನಗೆ ನಿಜಕ್ಕೂ ಆಶ್ಚರ್ಯವಾಯಿತು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟನ್ನು ಬಿಚ್ಚಿತು. ನಮ್ಮ ರೂಪಾಯಿಯನ್ನು ಪೌಂಡಿಗೆ ಕಟ್ಟಿಹಾಕಿದ್ದರು. ಪೌಂಡಿನ ಜೊತೆ ರೂಪಾಯಿಯೂ ಕುಸಿದು ತೊಲಕ್ಕೆ 21 ರೂಪಾಯಿ ಆಸುಪಾಸಿನಲ್ಲಿದ್ದ ಚಿನ್ನ ಕೆಲವೇ ವರ್ಷಗಳಲ್ಲಿ 30 ದಾಟಿತು. ಬೆಳೆಗೆ ಬೆಲೆ ಇಲ್ಲ, ಚಿನ್ನಕ್ಕೆ ಬೆಲೆ ಬಂದಿದೆ, ಸಾಹುಕಾರ ಬಾಗಿಲಲ್ಲಿ ನಿಂತಿದ್ದಾನೆ. ಹಳ್ಳಿಯ ಹೆಣ್ಣುಮಕ್ಕಳು ಏನು ಮಾಡಿದರು ಅಂತ ಊಹಿಸಿ. ಕಿವಿಯದು, ಕೊರಳಿನದು ಒಂದೊಂದೇ ಬಿಚ್ಚಿಕೊಟ್ಟರು. ಆ ಚಿನ್ನ ಸಾಹುಕಾರನ ಕೈಯಿಂದ ಪೇಟೆಗೆ, ಪೇಟೆಯಿಂದ ಮುಂಬೈಗೆ, ಮುಂಬೈಯಿಂದ ಹಡಗಿನಲ್ಲಿ ಲಂಡನ್ನಿಗೆ ಹೋಯಿತು. 1931ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಹೀಗೆ ದೇಶ ಬಿಟ್ಟ ಚಿನ್ನದ ಬೆಲೆ 300 ಕೋಟಿ ರೂಪಾಯಿಗೂ ಮೀರಿತ್ತು. ಸಂಕಟದ ಚಿನ್ನ ಅಂತಲೇ ಆಗ ಇದನ್ನು ಕರೆಯುತ್ತಿದ್ದರು.

ಇಂಥ ಕಾಲದಲ್ಲಿ ಒಬ್ಬ ಮನುಷ್ಯ ಊರೂರಿಗೆ ಹೋಗಿ, ಹೆಣ್ಣುಮಕ್ಕಳ ಮುಂದೆ ಕೈ ಚಾಚಿ, "ನಿಮ್ಮ ಒಡವೆ ಕೊಡಿ" ಅಂತ ಕೇಳಿದ!

ಹರಿಜನ ನಿಧಿ ಶುರುವಾದ ಹಿನ್ನೆಲೆ ನಿಮಗೆ ಗೊತ್ತಿರುತ್ತದೆ, ಚಿಕ್ಕದಾಗಿ ಹೇಳಿಬಿಡುತ್ತೇನೆ. 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದವಾಯಿತು. ವಾರದೊಳಗೆ, ಸೆಪ್ಟೆಂಬರ್ 30ರಂದು, ಅಸ್ಪೃಶ್ಯತೆ ನಿವಾರಣೆಗೆ ಅಂತ ಒಂದು ಅಖಿಲ ಭಾರತ ಸಂಸ್ಥೆ ಹುಟ್ಟಿತು. ಮುಂದೆ ಅದರ ಹೆಸರು ಹರಿಜನ ಸೇವಕ ಸಂಘ ಆಯಿತು. ಘನಶ್ಯಾಮದಾಸ ಬಿರ್ಲಾ ಅಧ್ಯಕ್ಷರು, ಠಕ್ಕರ್ ಬಾಪಾ ಕಾರ್ಯದರ್ಶಿ. ಶಾಲೆ, ಹಾಸ್ಟೆಲು, ವಿದ್ಯಾರ್ಥಿವೇತನ, ಬಾವಿ, ಇವು ಸಂಘದ ಕೆಲಸ. ಎಲ್ಲಕ್ಕೂ ದುಡ್ಡು ಬೇಕು. (ಹರಿಜನ ಎನ್ನುವ ಪದವನ್ನು ದಲಿತರು ಒಪ್ಪುವುದಿಲ್ಲ, ಸರ್ಕಾರವೂ ಬಿಟ್ಟಿದೆ. ಆ ಕಾಲದ ಸಂಸ್ಥೆ, ನಿಧಿ, ಪತ್ರಿಕೆಗಳ ಹೆಸರಾಗಿ ಮಾತ್ರ ಇಲ್ಲಿ ಬಳಸುತ್ತಿದ್ದೇನೆ.)

1933ರ ನವೆಂಬರ್ 7ರಂದು ಗಾಂಧೀಜಿ ವಾರ್ಧಾದಿಂದ ಹೊರಟರು. ಮುಗಿದದ್ದು 1934ರ ಆಗಸ್ಟ್ ಮೊದಲಿಗೆ, ಕಾಶಿಯಲ್ಲಿ. ಒಂಬತ್ತು ತಿಂಗಳು, ಸುಮಾರು 12,500 ಮೈಲಿ. ಜನವರಿ ಮೊದಲ ವಾರ ಮೈಸೂರು ಸಂಸ್ಥಾನ, ಫೆಬ್ರವರಿ ಕೊನೆಗೆ ಕೊಡಗು, ಮಂಗಳೂರು, ಅಲ್ಲಿಂದ ಉತ್ತರ ಕನ್ನಡ ಮತ್ತು ಬಯಲುಸೀಮೆ. ಮಾರ್ಚ್ ಮೊದಲ ವಾರದಲ್ಲಿ ನಮ್ಮ ಸಂಡೂರು, ಬಳ್ಳಾರಿ. ವಯಸ್ಸು 64.

ದುಡ್ಡು ಕೂಡಿಸಿದ ರೀತಿ ನೋಡಿದರೆ ಇವತ್ತಿನ ಫಂಡ್‌ರೈಸಿಂಗ್ ಮ್ಯಾನೇಜರುಗಳು ನೋಟ್ಸ್ ಮಾಡಿಕೊಳ್ಳಬೇಕು.

ಒಂದು, ಹಮ್ಮಿಣಿ. ಊರಿನವರು ಮೊದಲೇ ಚಂದಾ ಎತ್ತಿ ಸಭೆಯಲ್ಲಿ ಒಪ್ಪಿಸುವುದು. ಇದು ಹಳೇ ಪದ್ಧತಿ.

ಎರಡು, ಹರಾಜು. ಊರಿನವರು ಬಿನ್ನವತ್ತಳೆ ಓದಿ, ಅದನ್ನು ಚೌಕಟ್ಟು ಹಾಕಿಸಿಯೋ ಬೆಳ್ಳಿ ಕರಂಡಕದಲ್ಲಿ ಇಟ್ಟೋ ಕೊಡುತ್ತಿದ್ದರು. ಗಾಂಧೀಜಿ ಅದನ್ನು ಅಲ್ಲೇ, ಅದೇ ವೇದಿಕೆಯ ಮೇಲೆ ಹರಾಜು ಹಾಕುತ್ತಿದ್ದರು. ಕೊಟ್ಟವರ ಮುಖ ಹೇಗಾಗಿರಬೇಡ :) ಬೆಳ್ಳಿಗೆ, ತೋರಣಕ್ಕೆ ದುಡ್ಡು ಸುರಿದವರನ್ನು ಬೈಯುತ್ತಲೂ ಇದ್ದರು. ಆ ದುಡ್ಡು ನಿಧಿಗೆ ಬರಬೇಕಿತ್ತು ಅನ್ನುವುದು ಅವರ ಲೆಕ್ಕ.

ಮೂರು, ಸಹಿ. ಆಟೋಗ್ರಾಫ್ ಬೇಕೆ, 5 ರೂಪಾಯಿ ಕೊಡಿ. ಪುಕ್ಕಟೆ ಇಲ್ಲ.

ನಾಲ್ಕು, ಒಡವೆ. ಇಲ್ಲಿ ಎರಡು ಶರತ್ತು. ಚಿಕ್ಕ ಹುಡುಗಿಯಾದರೆ ತಂದೆತಾಯಿಯ ಒಪ್ಪಿಗೆ ಬೇಕು. ಕೊಟ್ಟ ಮೇಲೆ ಅದರ ಜಾಗಕ್ಕೆ ಹೊಸದನ್ನು ಮಾಡಿಸಿಕೊಳ್ಳಬಾರದು. 1934ರ ಜನವರಿಯಲ್ಲಿ ಮಲಬಾರಿನ ವಡಗರದಲ್ಲಿ ಕೌಮುದಿ ಎಂಬ ಹುಡುಗಿ ವೇದಿಕೆಗೆ ಬಂದು ಬಳೆ, ಸರ ಎಲ್ಲ ಬಿಚ್ಚಿಕೊಟ್ಟದ್ದನ್ನು ಗಾಂಧೀಜಿ ತಮ್ಮ 'ಹರಿಜನ' ಪತ್ರಿಕೆಯಲ್ಲಿ ಬರೆದರು. ನಮ್ಮವರೇ ಆದ ಕಥೆಗಾರ್ತಿ ಕೊಡಗಿನ ಗೌರಮ್ಮನವರ ಪ್ರಸಂಗ ಗೊತ್ತಿರಬಹುದು. ಗಾಂಧೀಜಿ ಕೊಡಗಿಗೆ ಬಂದಾಗ ತಮ್ಮ ಮನೆಗೆ ಬರಲೇಬೇಕು ಅಂತ ಹಟ ಹಿಡಿದು ಉಪವಾಸ ಕೂತರು. ಉಪವಾಸದ ಗುರುವಿನ ಮೇಲೇ ಉಪವಾಸ! ಗಾಂಧೀಜಿ ಹೋದರು, ಗೌರಮ್ಮ ಒಡವೆಗಳನ್ನು ನಿಧಿಗೆ ಕೊಟ್ಟರು. ಆಗ ಅವರಿಗೆ ಇಪ್ಪತ್ತೆರಡರ ಆಸುಪಾಸು. 1939ರಲ್ಲಿ ತೀರಿಕೊಂಡರು.

ಐದು, ಬರಿಗೈ. ರೈಲು ನಿಂತ ಕಡೆ ಕಿಟಕಿಯಿಂದ ಅಂಗೈ ಹೊರಗೆ. ಒಂದು ಪೈಸೆ, ಎರಡು ಪೈಸೆ, ಅರ್ಧ ಆಣೆ. ಕೊಟ್ಟವರಲ್ಲಿ ಯಾರ ಹೆಸರಿನಲ್ಲಿ ಈ ನಿಧಿ ಇತ್ತೋ ಆ ಕೇರಿಗಳ ಜನರೂ ಇದ್ದರು.

ಇದರ ನಡುವೆ 1934ರ ಜನವರಿ 15ರಂದು ಬಿಹಾರದಲ್ಲಿ ದೊಡ್ಡ ಭೂಕಂಪವಾಯಿತು. ಈಗ ಒಂದೇ ಖಾಲಿ ಜೇಬಿಗೆ ಎರಡು ಕೈ. ಗಾಂಧೀಜಿ ಪ್ರವಾಸವನ್ನು ನಿಲ್ಲಿಸದೆ ಬಿಹಾರಕ್ಕೂ ಕೊಡಿ ಅಂತ ಸಭೆಗಳಲ್ಲಿ ಕೇಳುತ್ತಾ ಬಂದರು. ಅಸ್ಪೃಶ್ಯತೆಯ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಈ ಭೂಕಂಪ ಅಂದರು. ಅದನ್ನು ಟಾಗೋರರು ಬಹಿರಂಗವಾಗಿ ಖಂಡಿಸಿದರು. ಆ ವಿಷಯದಲ್ಲಿ ನಾನು ಟಾಗೋರರ ಕಡೆ. ಸಂಡೂರು, ಬಳ್ಳಾರಿ ಮುಗಿಸಿದ ಕೆಲವೇ ದಿನಗಳಲ್ಲಿ ಗಾಂಧೀಜಿ ಪಾಟ್ನಾದಲ್ಲಿದ್ದರು.

ಸರಿ, ಒಟ್ಟು ಎಷ್ಟು ಕೂಡಿತು? ಸುಮಾರು 8 ಲಕ್ಷ ರೂಪಾಯಿ.

ನಾನು ಎಕ್ಸೆಲ್ ತೆರೆದು ಕೂತೆ, ಅಭ್ಯಾಸಬಲ. ಸುಮಾರು 270 ದಿನ, ದಿನಕ್ಕೆ ಹತ್ತಿರಹತ್ತಿರ 3 ಸಾವಿರ. ಆಗ ರೂಪಾಯಿಗೆ 16 ಆಣೆ, ಆಣೆಗೆ 4 ಪೈಸೆ, ಅಂದರೆ ರೂಪಾಯಿಗೆ 64 ಪೈಸೆ. 8 ಲಕ್ಷ ಅಂದರೆ 5 ಕೋಟಿ 12 ಲಕ್ಷ ಪೈಸೆ. ದೇಶದ ಜನಸಂಖ್ಯೆ 1931ರ ಗಣತಿಯಲ್ಲಿ ಸುಮಾರು 35 ಕೋಟಿ. ಏಳು ಜನರಲ್ಲಿ ಒಬ್ಬ ಒಂದೇ ಒಂದು ಪೈಸೆ ಕೊಟ್ಟಿದ್ದರೂ ಇಷ್ಟು ಆಗುತ್ತಿತ್ತು. ಚಿನ್ನದಲ್ಲಿ ನೋಡಿದರೆ, ತೊಲಕ್ಕೆ 34 ರೂಪಾಯಿ ಅಂತ ಹಿಡಿದರೆ, ಸುಮಾರು 270 ಕಿಲೋ. ಅದೇ ಹತ್ತು ವರ್ಷದಲ್ಲಿ ಲಂಡನ್ ಹಡಗು ಹತ್ತಿದ್ದು 300 ಕೋಟಿಯದು, ಗಾಂಧೀಜಿಯ ಜೋಳಿಗೆಗೆ ಬಿದ್ದದ್ದು 8 ಲಕ್ಷದ್ದು.

ಕಡಿಮೆ ಅನ್ನಿಸುತ್ತದೆ ಅಲ್ಲವೇ? 1921ರಲ್ಲಿ ತಿಲಕ್ ಸ್ವರಾಜ್ಯ ನಿಧಿಗೆ ಕೆಲವೇ ತಿಂಗಳಲ್ಲಿ 1 ಕೋಟಿ ರೂಪಾಯಿ ಕೂಡಿತ್ತು. ಕೇಳಿದ ಮನುಷ್ಯ ಅವರೇ, ದೇಶವೂ ಅದೇ. ಹಾಗಾದರೆ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿದದ್ದು ಏಕೆ? ಆರ್ಥಿಕ ಕುಸಿತ ಒಂದು ಕಾರಣ. ಆದರೆ ಅದೊಂದೇ ಕಾರಣ ಅಂದರೆ ನಮಗೆ ನಾವೇ ಸಮಾಧಾನ ಹೇಳಿಕೊಂಡಂತೆ. ಸ್ವರಾಜ್ಯಕ್ಕೆ ಕೊಡುವಾಗ ಎದುರಾಳಿ ಹೊರಗಿನವನು. ಇಲ್ಲಿ ಕೇಳುತ್ತಿದ್ದುದು ನಿಮ್ಮದೇ ಊರಿನ ಬಾವಿಯ ಬಗ್ಗೆ, ನಿಮ್ಮದೇ ಗುಡಿಯ ಬಾಗಿಲಿನ ಬಗ್ಗೆ. ಪ್ರವಾಸದುದ್ದಕ್ಕೂ ಸನಾತನಿಗಳು ಕಪ್ಪು ಬಾವುಟ ಹಿಡಿದು ನಿಂತರು. ಜೂನ್ 25ರಂದು ಪುಣೆಯಲ್ಲಿ ಬಾಂಬ್ ಕೂಡ ಬಿತ್ತು. ಜೇಬು ಖಾಲಿ ಇದ್ದದ್ದು ನಿಜ, ಆದರೆ ಜೇಬಿಗೆ ಕೈ ಹಾಕಲು ಮನಸ್ಸೂ ಇರಲಿಲ್ಲ.

ಈ ಜಾಗದಲ್ಲಿ ಸಂಡೂರಿನ ಪಾತ್ರ ನನಗೆ ಮುಖ್ಯ ಅನ್ನಿಸುತ್ತದೆ. ಗಾಂಧೀಜಿ ಬರುವ ಎರಡು ವರ್ಷ ಮೊದಲೇ, 1932ರಲ್ಲಿ, ಸಂಡೂರಿನ ರಾಜ ಯಶವಂತರಾವ್ ಘೋರ್ಪಡೆ ಬೆಟ್ಟದ ಮೇಲಿನ ಕುಮಾರಸ್ವಾಮಿ ದೇವಸ್ಥಾನವನ್ನು ಅಸ್ಪೃಶ್ಯರೆನಿಸಿದವರಿಗೆ ತೆರೆಸಿದ್ದರು. ಎಲ್ಲರ ಬಾಯಲ್ಲಿರುವ ತಿರುವಾಂಕೂರಿನ ಘೋಷಣೆ ಬಂದದ್ದು 1936ರ ನವೆಂಬರ್‌ನಲ್ಲಿ, ಮದರಾಸಿನ ಕಾಯ್ದೆ 1939ರಲ್ಲಿ. ಹಾಗಾಗಿ ಸಂಡೂರಿಗೆ ಬಂದಾಗ ಗಾಂಧೀಜಿ ಕೇಳಬೇಕಾದ ದೊಡ್ಡ ವಿಷಯವನ್ನು ಊರು ಆಗಲೇ ಕೊಟ್ಟಿತ್ತು. ಬಾಗಿಲು ತೆರೆಯಲು ದುಡ್ಡು ಬೇಕಿಲ್ಲ. ಮ್ಯಾಂಗನೀಸ್ ಬೆಲೆ ಎಷ್ಟೇ ಇಳಿದಿದ್ದರೂ ಅದನ್ನು ಮಾಡಬಹುದಿತ್ತು. ಒಂದು ಮಾತನ್ನೂ ಸೇರಿಸಬೇಕು, ಅದು ರಾಜನ ಅಪ್ಪಣೆಯಿಂದ ಆದದ್ದು. ಬ್ರಿಟಿಷ್ ಬಳ್ಳಾರಿಯಲ್ಲಿ ಅಪ್ಪಣೆ ಕೊಡಲು ರಾಜ ಇರಲಿಲ್ಲ, ಒಬ್ಬೊಬ್ಬರ ಮನಸ್ಸನ್ನೇ ಕೇಳಬೇಕಿತ್ತು.

ಇನ್ನು ಈ ನಿಧಿಯ ಮೇಲೆ ಬಂದ ದೊಡ್ಡ ಪ್ರಶ್ನೆ. ಅದು ಎಷ್ಟು ಕೂಡಿತು ಎಂಬುದಲ್ಲ, ಯಾರ ಕೈಯಲ್ಲಿ ಎಂಬುದು. ಕೇಳಿದವರು ಅಂಬೇಡ್ಕರ್.

ಸಂಘ ಶುರುವಾದಾಗ ಅಂಬೇಡ್ಕರ್ ಅದರ ಕೇಂದ್ರ ಮಂಡಳಿಯಲ್ಲಿ ಇದ್ದರು. 1932ರ ನವೆಂಬರ್‌ನಲ್ಲಿ ಮೂರನೇ ದುಂಡುಮೇಜಿನ ಪರಿಷತ್ತಿಗೆ ಲಂಡನ್ನಿಗೆ ಹೋಗುವಾಗ ಹಡಗಿನಿಂದಲೇ ಠಕ್ಕರ್ ಬಾಪಾ ಅವರಿಗೆ ಉದ್ದದ ಪತ್ರ ಬರೆದರು. ತಿರುಳು ಇಷ್ಟು. ಒಬ್ಬೊಬ್ಬರಿಗೆ ಸದ್ಗುಣ ಕಲಿಸಲು ಹೊರಟರೆ ಪ್ರಯೋಜನವಿಲ್ಲ, ಇಡೀ ಸಮುದಾಯದ ಸ್ಥಿತಿ ಬದಲಾಗಬೇಕು. ಬಾವಿ, ಶಾಲೆ, ರಸ್ತೆ ಇವುಗಳ ಮೇಲಿನ ಹಕ್ಕಿಗೆ ಹೋರಾಡಿ. ಕೆಲಸಕ್ಕೆ ಸಮಾನ ಅವಕಾಶ ಕೊಡಿಸಿ. ಈ ಕೆಲಸ ಮಾಡುವವರನ್ನು ಆ ಸಮುದಾಯದಿಂದಲೇ ಆರಿಸಿ. ಪತ್ರಕ್ಕೆ ಉತ್ತರ ಬರಲಿಲ್ಲ. ಅಂಬೇಡ್ಕರ್ ಸಂಘದಿಂದ ಹೊರಬಂದರು. 1945ರಲ್ಲಿ ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬುದರ ಮೇಲೆ ಬರೆದ ಪುಸ್ತಕದಲ್ಲಿ ಈ ಪತ್ರವನ್ನೂ ಅಚ್ಚು ಹಾಕಿಸಿದರು.

ಸಂಘದಲ್ಲಿ ದಲಿತರು ಏಕಿಲ್ಲ ಎಂಬುದಕ್ಕೆ ಗಾಂಧೀಜಿಯವರ ಉತ್ತರ ಸ್ವಾರಸ್ಯವಾಗಿದೆ. ಇದು ಸಾಲಗಾರರ ಸಂಘ ಅಂದರು. ಸವರ್ಣೀಯರು ಶತಮಾನಗಳಿಂದ ಸಾಲಗಾರರು, ಸಾಲ ತೀರಿಸಲು ಅವರೇ ಸಂಘ ಕಟ್ಟಿಕೊಂಡಿದ್ದಾರೆ, ಸಾಲ ಕೊಟ್ಟವರು ಸಲಹೆ ಕೊಡಲಿ. ಇಡೀ ದೇಶ ಸಾಹುಕಾರನ ಬಾಗಿಲಲ್ಲಿ ನಿಂತಿದ್ದ ಆ ಕಾಲದಲ್ಲಿ ಈ ಹೋಲಿಕೆ ಜನರಿಗೆ ತಟ್ಟನೆ ಅರ್ಥವಾಗಿರಬೇಕು. ಆದರೆ ಅದೇ ಜನರಿಗೆ ಇನ್ನೊಂದೂ ಗೊತ್ತಿತ್ತು. ಸಾಲ ಎಷ್ಟು, ಕಂತು ಎಷ್ಟು, ಯಾವಾಗ ಅಂತ ಸಾಲಗಾರನೇ ತೀರ್ಮಾನಿಸುವ ಪದ್ಧತಿ ಬಳ್ಳಾರಿಯ ಯಾವ ಸಾಹುಕಾರನ ಖಾತೆಯಲ್ಲೂ ಇರಲಿಲ್ಲ! ಅಂಬೇಡ್ಕರ್ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ.

ನನಗೆ ಇಬ್ಬರ ಮಾತೂ ಬೇಕು ಅನ್ನಿಸುತ್ತದೆ. ಗಾಂಧೀಜಿ ದೊಡ್ಡ ಚೆಕ್ಕುಗಳಿಗೆ ಕಾಯದೆ ಪೈಸೆಗಳಿಗೆ ಕೈ ಚಾಚಿದ್ದರಿಂದ ಲಕ್ಷಾಂತರ ಜನ ಈ ಕೆಲಸದಲ್ಲಿ ಪಾಲುದಾರರಾದರು. ಪೈಸೆ ಕೊಟ್ಟವನು ಮರುದಿನ ಬಾವಿಯ ಹತ್ತಿರ ಅಡ್ಡ ನಿಲ್ಲುವುದು ಸ್ವಲ್ಪವಾದರೂ ಕಷ್ಟ. ಕೂಡಿದ ದುಡ್ಡಿನ ಬಹುಪಾಲು ಆಯಾ ಪ್ರಾಂತ್ಯದಲ್ಲೇ ಖರ್ಚಾಗಬೇಕು ಎಂಬ ನಿಯಮವಿತ್ತು. ಕೊನೆಕೊನೆಗೆ ಅವರೇ ದುಡ್ಡಿನ ಓಟ ಸಾಕು ಅಂದುಕೊಂಡರು. 1934ರ ಮೇ ತಿಂಗಳಲ್ಲಿ ಒರಿಸ್ಸಾದಲ್ಲಿ ಕಾರು, ರೈಲು ಬಿಟ್ಟು ನಡೆಯತೊಡಗಿದರು. ನಡೆದರೆ ಊರುಗಳ ಸಂಖ್ಯೆ ಕಡಿಮೆ, ಹಮ್ಮಿಣಿ ಕಡಿಮೆ. ಆದರೂ ನಡೆದರು. ಅಂಬೇಡ್ಕರ್ ಕೇಳಿದ ಪ್ರಶ್ನೆ ಮಾತ್ರ ನಡೆದಷ್ಟೂ ಹಾಗೇ ಉಳಿಯಿತು. ಯಾರಿಗೋಸ್ಕರ ಈ ದುಡ್ಡೋ ಅವರು ಲೆಕ್ಕದ ಪುಸ್ತಕದ ಯಾವ ಕಡೆ ಕೂತಿದ್ದಾರೆ?

ಅದೇ ಕಾಲದ ಅಮೆರಿಕವನ್ನು ಒಂದು ಸಲ ನೋಡಿ. ಕುಸಿತ ಶುರುವಾದದ್ದೇ ಅಲ್ಲಿ. ಅಧ್ಯಕ್ಷ ಹೂವರ್ ನಿರುದ್ಯೋಗಿಗಳ ಹೊಟ್ಟೆಯ ಹೊಣೆ ಊರಿನ ದಾನಿಗಳದು, ಚರ್ಚುಗಳದು, ಸ್ಥಳೀಯ ಸಂಸ್ಥೆಗಳದು ಅಂತ ನಂಬಿದ್ದರು. ನಗರಗಳಲ್ಲಿ ಎಲ್ಲ ಧರ್ಮಾರ್ಥ ಸಂಸ್ಥೆಗಳಿಗೂ ಸೇರಿಸಿ ಒಂದೇ ಹುಂಡಿಯಲ್ಲಿ ಚಂದಾ ಎತ್ತುವ ಪದ್ಧತಿ ಇತ್ತು. ಆದರೆ ಬೇಡುವವರು ಹೆಚ್ಚಾದ ಹಾಗೆಲ್ಲ ಕೊಡುವವರು ಕಡಿಮೆಯಾಗುತ್ತಾ ಬಂದರು. ನಿನ್ನೆ ಚಂದಾ ಕೊಟ್ಟವನೇ ಇವತ್ತು ಸಾಲಿನಲ್ಲಿ ನಿಂತ. ಕಡೆಗೆ 1933ರ ಮೇ ತಿಂಗಳಲ್ಲಿ ರೂಸ್‌ವೆಲ್ಟ್ ಸರ್ಕಾರವೇ ಪರಿಹಾರದ ದುಡ್ಡನ್ನು ರಾಜ್ಯಗಳಿಗೆ ಕೊಡಲು ಶುರು ಮಾಡಿತು. ನಮ್ಮಲ್ಲಿ ರೈತರ ಸಾಲಕ್ಕೆ ಉಪಶಮನ ಬಂದದ್ದೂ ಚಂದಾದಿಂದಲ್ಲ, 1938ರಲ್ಲಿ ರಾಜಾಜಿ ಸರ್ಕಾರ ಮದರಾಸು ಪ್ರಾಂತ್ಯಕ್ಕೆ ತಂದ ಕಾಯ್ದೆಯಿಂದ. ದಾನ ಎಲ್ಲಿವರೆಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದಕ್ಕೆ ಇವೆರಡು ಸಾಕು.

ಇದೆಲ್ಲ ಹಳೇ ಕಥೆ, ಈಗೇಕೆ ಅಂತ ಕೇಳಬಹುದು. ನನ್ನ ಓರಗೆಯ ಬಳ್ಳಾರಿ ಕಡೆಯವರು ಒಂದು ಕುಸಿತವನ್ನು ಕಣ್ಣಾರೆ ಕಂಡಿದ್ದೇವೆ.

ಚೀನಾ ಅದಿರು ಕೊಳ್ಳುತ್ತಿದ್ದ ಕಾಲದಲ್ಲಿ ಹೊಸಪೇಟೆ, ಸಂಡೂರಿನಲ್ಲಿ ಚಂದಾ ಎತ್ತುವುದು ಕಷ್ಟವೇ ಅಲ್ಲ. ಗಣೇಶನಿಗೆ, ಜಾತ್ರೆಗೆ, ಕ್ರಿಕೆಟ್ ಟೂರ್ನಮೆಂಟಿಗೆ, ಶಾಲೆಯ ಕೊಠಡಿಗೆ ಲಾರಿ ಮಾಲೀಕರು ಕೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತಿದ್ದರು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾದದ್ದೇ, ಬೆಟ್ಟಗಳ ಸ್ಥಿತಿ ನೋಡಿದವರು ಬೇರೆ ಮಾತಾಡಲಾರರು. ಎನ್‌ಎಂಡಿಸಿಗೆ ಮಾತ್ರ ಆಗಸ್ಟ್‌ನಲ್ಲಿ ತಿಂಗಳಿಗೆ 10 ಲಕ್ಷ ಟನ್ ತೆಗೆಯಲು ಒಪ್ಪಿಗೆ ಸಿಕ್ಕಿತು, ಹಾಗಾಗಿ ನಮ್ಮ ಟೌನ್‌ಶಿಪ್‌ನಲ್ಲಿ ಸಂಬಳ ನಿಲ್ಲಲಿಲ್ಲ. ಗೇಟಿನ ಹೊರಗೆ ಹಾಗಿರಲಿಲ್ಲ. ಸಾಲ ಮಾಡಿ ತಂದ ಲಾರಿಗಳು ರಸ್ತೆಯ ಪಕ್ಕ ಸಾಲಾಗಿ ನಿಂತವು. ನಾನಾಗ ಒಂಬತ್ತನೇ ಕ್ಲಾಸು. ಕೂಲಿಕಾರರ ಮಕ್ಕಳಿಗೆ ಸಂಜೆ ಪಾಠ ಹೇಳಿಕೊಡುವ ಒಂದು ಕೇಂದ್ರ ಹತ್ತಿರದಲ್ಲೇ ಇತ್ತು. ಲಾರಿಯವರ, ಗಣಿಯವರ ಚಂದಾದಿಂದ ನಡೆಯುತ್ತಿತ್ತು. ಆ ವರ್ಷ ದೀಪಾವಳಿಯ ಹೊತ್ತಿಗೆ ಮುಚ್ಚಿತು. ಮನೆಯಲ್ಲಿ ದುಡಿಮೆ ನಿಂತು ಮಕ್ಕಳಿಗೆ ಅದರ ಅಗತ್ಯ ಹೆಚ್ಚಾದದ್ದು ಆಗಲೇ. ದೊಡ್ಡ ಕೈಗಳನ್ನೇ ನಂಬಿದ ಸಂಸ್ಥೆಯ ಹಣೆಬರಹ ಅದು. ಐವತ್ತು ಮನೆಗಳು ತಿಂಗಳಿಗೆ ಐವತ್ತು ರೂಪಾಯಿ ಕೊಡುವ ಅಭ್ಯಾಸ ಇದ್ದಿದ್ದರೆ ಬಾಡಿಗೆ ಆದರೂ ಕಟ್ಟಬಹುದಿತ್ತು.

ಆಮೇಲೆ ಆದದ್ದು ಇನ್ನೂ ವಿಚಿತ್ರ. ದುಡ್ಡು ಬಂತು, ಯಾರೂ ಕೈ ಚಾಚದೆ ಬಂತು. ಹರಾಜಿನಲ್ಲಿ ಮಾರಿದ ಅದಿರಿನ ಹಣದಲ್ಲಿ ಒಂದು ಪಾಲನ್ನು ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆ ಎತ್ತಿಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೆಂದೇ 2014ರಲ್ಲಿ ರಾಜ್ಯ ಸರ್ಕಾರದ ನಿಗಮವೊಂದು ಹುಟ್ಟಿತು. ಸಾವಿರಾರು ಕೋಟಿ ರೂಪಾಯಿ ಕೂಡಿತು, ವರ್ಷಗಟ್ಟಲೆ ಖರ್ಚಾಗದೆ ಬಡ್ಡಿ ಬೆಳೆಸುತ್ತಾ ಕೂತಿತು. 2022ರಲ್ಲಷ್ಟೇ ಯೋಜನೆಗೆ ಕೋರ್ಟಿನ ಒಪ್ಪಿಗೆ ಸಿಕ್ಕಿತು. 2015ರಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೇ ಗುತ್ತಿಗೆಯವರು ರಾಜಧನದ ಶೇಕಡ 30ರಷ್ಟನ್ನು, ಹರಾಜಿನಲ್ಲಿ ಪಡೆದವರು ಶೇಕಡ 10ರಷ್ಟನ್ನು ಅದಕ್ಕೆ ಕೊಡಬೇಕು. ಇದರ ಜೊತೆಗೆ 2014ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಲಾಭದ ಶೇಕಡ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾನೂನು.

ಅದಿರು ನಿಂತರೆ ಈ ದುಡ್ಡೂ ನಿಲ್ಲುತ್ತದೆ, ಅದನ್ನು ಮರೆಯಬಾರದು. ಗುತ್ತಿಗೆ ನವೀಕರಣದ ಶರತ್ತಿನ ಜಗಳದಲ್ಲಿ ನಮ್ಮ ದೋಣಿಮಲೈ ಗಣಿಯೇ 2018ರ ನವೆಂಬರ್‌ನಿಂದ 2021ರ ಫೆಬ್ರವರಿಯವರೆಗೆ ನಿಂತಿತ್ತು. ಗಣಿಯ ಹಣದಿಂದ ನಡೆಯುವ ಒಳ್ಳೆಯ ಕೆಲಸ ಗಣಿಯಷ್ಟೇ ಗಟ್ಟಿ.

1934ರ ಕಥೆ ನನಗೆ ಉಪಯೋಗಕ್ಕೆ ಬರುವುದು ಇಲ್ಲಿ. ಆಗ ದುಡ್ಡು ಇರಲಿಲ್ಲ, ಆದರೆ ಪ್ರತಿ ಪೈಸೆಗೂ ಒಬ್ಬ ವಾರಸುದಾರ ಇದ್ದ. ಈಗ ದುಡ್ಡಿದೆ. ಯಾರೂ ಜೇಬಿನಿಂದ ತೆಗೆದು ಕೊಟ್ಟದ್ದಲ್ಲವಾದ್ದರಿಂದ ಯಾರಿಗೂ ಅದು ತಮ್ಮದು ಅನ್ನಿಸುವುದಿಲ್ಲ. ಅಂಬೇಡ್ಕರ್ ಹಡಗಿನಿಂದ ಬರೆದ ಪ್ರಶ್ನೆ ಮಾತ್ರ ಎರಡೂ ಕಾಲಕ್ಕೂ ಒಂದೇ. ಧೂಳು ಕುಡಿದ ಹಳ್ಳಿಯವರು, ಕೆಲಸ ಕಳಕೊಂಡ ಕೂಲಿಯವರು ಈ ದುಡ್ಡಿನ ತೀರ್ಮಾನದಲ್ಲಿ ಎಲ್ಲಿದ್ದಾರೆ? ಖನಿಜ ಪ್ರತಿಷ್ಠಾನದ ನಿಯಮದಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥವಕ್ಕೆ ಹೆಚ್ಚಿನ ಪಾಲು ಅಂತ ಬರೆದಿದೆ. ಲೆಕ್ಕವನ್ನು ವೆಬ್‌ಸೈಟಿನಲ್ಲಿ ಹಾಕಬೇಕು ಅಂತಲೂ ಇದೆ. ತೆರೆದು ಓದುವವರು ಎಷ್ಟು ಜನ? ನಾವು ದಿನವಿಡೀ ಸ್ಕ್ರೀನಿನ ಮುಂದೆ ಕೂರುವವರು, ಅಷ್ಟನ್ನಾದರೂ ಮಾಡಬಹುದು. ಪೈಸೆ ಕೊಟ್ಟವರು ಲೆಕ್ಕ ಕೇಳಬಹುದಾದರೆ ಬೆಟ್ಟ ಕೊಟ್ಟವರೂ ಕೇಳಬಹುದು.

ಬ್ಲಾಗಿಗ ಮಿತ್ರರಲ್ಲಿ ಒಂದು ಕೋರಿಕೆ. 1934ರ ಆ ಪ್ರವಾಸ ಕರ್ನಾಟಕದ ಬಹಳ ಊರುಗಳನ್ನು ಹಾದು ಹೋಗಿದೆ. ನಿಮ್ಮ ಮನೆಯ ಹಿರಿಯರು "ನಮ್ಮಜ್ಜಿ ಗಾಂಧೀಜಿಗೆ ಬಳೆ ಕೊಟ್ಟಿದ್ದಳು" ಅಂತಲೋ, "ನಮ್ಮ ಕೇರಿಯ ಬಾವಿ ಆ ದುಡ್ಡಿನದು" ಅಂತಲೋ ಹೇಳಿದ್ದು ನೆನಪಿದ್ದರೆ ದಯವಿಟ್ಟು ಬರೆಯಿರಿ. ಬಳೆಯ ಕಥೆಗಳು ಬೇಕಾದಷ್ಟು ಸಿಗುತ್ತವೆ, ಬಾವಿಯ ಕಥೆಗಳು ಕಡಿಮೆ. ನನಗೆ ಬೇಕಾಗಿರುವುದು ಅವೇ.